ಗಿಡ್ಡ ತೋಳಿನ ಸ್ವೆಟರ್

ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರಿಗೂ ಒಂದು ಸ್ವೆಟರ್ ಇದೆ. ನಗಬೇಡಿ. ಮಿಕ್ಸಿಗೆ ಟೊಪ್ಪಿ ಇದೆ, ಊಟದ ಮೇಜಿನ ಕುರ್ಚಿಗಳಿಗೆಲ್ಲ ಕಾಲುಚೀಲ ಇದೆ, ಟೀವಿಯ ರಿಮೋಟಿಗೆ ಗುಂಡಿ ಹಾಕುವ ಅಂಗಿ ಇದೆ. ಕೊಯಮತ್ತೂರಿನ ಪಕ್ಕದ ಈ ಪೆರಿಯನಾಯಕನಪಾಳ್ಯದ ಬಿಸಿಲಿನಲ್ಲಿ ಮನುಷ್ಯರು ಯಾರೂ ಉಣ್ಣೆ ಹಾಕಿಕೊಳ್ಳಲು ಒಪ್ಪುವುದಿಲ್ಲ. ಹೆಣೆಯುವ ಚಟ ಹತ್ತಿದವಳು ಇನ್ನೇನು ಮಾಡಬೇಕು ಹೇಳಿ?

ತಿರುಪ್ಪೂರಿನಲ್ಲಿ ನನ್ನ ನಾದಿನಿ ಇದ್ದಾಳೆ. ಊರಿಗೆ ಊರೇ ಮೆಷಿನ್ ಇಟ್ಟುಕೊಂಡು ಲೋಕಕ್ಕೆಲ್ಲ ಬನಿಯನ್ ಹೆಣೆದು ಕಳಿಸುವ ಕಡೆ ಬದುಕುತ್ತಿರುವವಳು. ನಾನು ಕಡ್ಡಿ ಹಿಡಿದು ಕೂತರೆ ಅವಳಿಗೆ ತಡೆಯಲಾಗದ ನಗು. "ಅತ್ತಿಗೆ, ನೀವು ಒಂದು ಕೈ ಮುಗಿಸೋದ್ರೊಳಗೆ ನಮ್ಮೂರಲ್ಲಿ ಒಂದು ಲಾರಿ ತುಂಬ್ತದೆ" ಅನ್ನುತ್ತಾಳೆ. ಹಾಗೆ ಅಂದರೂ ಬರುವಾಗ ಕಂಪನಿಯಲ್ಲಿ ಉಳಿದ ಹತ್ತಿ ನೂಲಿನ ಕೋನುಗಳನ್ನು ಚೀಲದಲ್ಲಿ ತುಂಬಿಕೊಂಡೇ ಬರುತ್ತಾಳೆ. ಹತ್ತಿ ನೂಲು ನನಗೆ ಇಷ್ಟವೇ. ಆದರೆ ಉಣ್ಣೆ ಅಂದರೆ ಬೇರೆ. ಅಂಗಡಿಯಲ್ಲಿ ಉಣ್ಣೆಯ ಉಂಡೆ ಕಂಡರೆ ನನ್ನ ಕೈ ತಾನೇ ಹೋಗಿ ಅದನ್ನು ಒತ್ತಿ ನೋಡುತ್ತದೆ, ಕೆನ್ನೆಗೆ ತಾಗಿಸುತ್ತದೆ. ಒಮ್ಮೆ ಹೀಗೆ ತಾಗಿಸಿಕೊಂಡು ನಿಂತಿದ್ದಾಗ ಅಂಗಡಿಯವನು "ಅಮ್ಮಾ, ಅದು ಬೆಕ್ಕಲ್ಲ" ಅಂದಿದ್ದ.

ಈ ಹುಚ್ಚು ಹತ್ತಿದ್ದು ಚಾಮರಾಜನಗರದಲ್ಲಿ, ನನ್ನ ತವರಲ್ಲಿ. ಪಕ್ಕದ ಮನೆಯಲ್ಲಿ ಒಬ್ಬ ನರ್ಸಮ್ಮ ಇದ್ದರು. ಅವರು ಉಣ್ಣೆಯನ್ನು ಲಡಿ ಲಡಿಯಾಗಿ ತರಿಸುತ್ತಿದ್ದರು. ಲಡಿಯನ್ನು ಉಂಡೆ ಮಾಡಲು ಎರಡು ಕೈ ಬೇಕು, ಆ ಎರಡು ಕೈ ನನ್ನವು. ಮುಂದಕ್ಕೆ ಚಾಚಿದ ನನ್ನ ಕೈಗಳಿಗೆ ಲಡಿ ಹಾಕಿ ಅವರು ಎಳೆ ಎಳೆದು ಸುತ್ತುತ್ತಿದ್ದರು. ಸರಿಯಾಗಿ ಆಗಲೇ ನನ್ನ ಮೂಗು ತುರಿಸಲು ಶುರುವಾಗುತ್ತಿತ್ತು. "ಅಲ್ಲಾಡಬೇಡ್ವೇ, ಎಳೆ ಸಿಕ್ಕಾಗುತ್ತೆ" ಅನ್ನುವ ಗದರಿಕೆಗೆ ಹೆದರಿ, ಮೂಗನ್ನು ಭುಜಕ್ಕೆ ಉಜ್ಜಿಕೊಳ್ಳುತ್ತಾ ನಿಂತ ಹುಡುಗಿಗೆ ಕೊನೆಗೆ ಕೂಲಿಯಾಗಿ ಸಿಕ್ಕಿದ್ದು ಎರಡು ಕಡ್ಡಿ ಮತ್ತು ಮಿಕ್ಕ ಉಣ್ಣೆ. ಮದುವೆಯಾಗಿ ಘಾಟಿ ಇಳಿದು ಕೊಯಮತ್ತೂರಿನ ಕಡೆ ಬಂದಾಗ ಆ ಕಡ್ಡಿಗಳೂ ನನ್ನ ಜೊತೆ ಇಳಿದವು.

ನಮ್ಮೆಜಮಾನರದು ಲೇತ್ ವರ್ಕ್‌ಶಾಪ್. ಪಂಪಿನ ಬಿಡಿಭಾಗಗಳನ್ನು ಕೂದಲೆಳೆಯ ಲೆಕ್ಕದಲ್ಲಿ ಕಡೆಯುವ ಮನುಷ್ಯ. ಇವರ ಮನೆಯವರೆಲ್ಲ ತಲೆಮಾರುಗಳಿಂದ ಇಲ್ಲೇ ಇದ್ದು, ಮನೆಯೊಳಗೆ ಕನ್ನಡ ಆಡುತ್ತಾರೆ, ಓದಲು ಬರೆಯಲು ಮಾತ್ರ ತಮಿಳು. ಹಾಗಾಗಿ ಇವರ ಬಗ್ಗೆ ನಾನು ಇಲ್ಲಿ ಏನು ಬರೆದರೂ ಇವರಿಗೆ ತಿಳಿಯುವುದಿಲ್ಲ ಅನ್ನುವ ಧೈರ್ಯ ನನಗಿದೆ. ಧೈರ್ಯ ಬೇಕು, ಯಾಕೆಂದರೆ ಇನ್ನು ಮುಂದೆ ಹೇಳುವುದನ್ನು ಇವರು ಯಾರ ಹತ್ತಿರವೂ ಹೇಳಬೇಡ ಅಂದಿದ್ದಾರೆ.

ಹೋದ ವರ್ಷ ಮೆಟ್ಟುಪಾಳ್ಯಕ್ಕೆ ಮದುವೆಗೆಂದು ಹೋಗಿದ್ದೆವು. ಊಟಿಗೆ ಹೋಗುವವರಿಗೆಂದೇ ಅಲ್ಲಿ ಬಸ್ ನಿಲ್ದಾಣದ ಹತ್ತಿರ ಕುಲಾವಿ, ಶಾಲು, ಕೈಗವಸು ಮಾರುವ ಅಂಗಡಿಗಳಿವೆ. ಇವರು ಚಹಾ ಕುಡಿಯುವಷ್ಟರಲ್ಲಿ ನಾನು ಒಂದರೊಳಗೆ ನುಗ್ಗಿದ್ದೆ. ಮೂಲೆಯಲ್ಲಿ ಒಂದು ಬಟ್ಟೆಯ ಗಂಟು ಕಂಡಿತು. ಬಿಚ್ಚಿ ನೋಡಿದರೆ ಉಣ್ಣೆ. ಹೊಸದಲ್ಲ, ಹೆಣೆದಿದ್ದನ್ನು ಬಿಚ್ಚಿದ ಹಳೆಯ ಉಣ್ಣೆ. ಮಳೆಯಲ್ಲಿ ನೆನೆದ ಕಲ್ಲಿನ ಬಣ್ಣ. ಆದರೆ ಉದ್ದಕ್ಕೂ ಒಂದೇ ಬಣ್ಣವಲ್ಲ. ಅಲ್ಲಲ್ಲಿ ಗಂಟು ಹಾಕಿ ಸೇರಿಸಿದ್ದರು, ಪ್ರತಿ ಗಂಟಿನ ನಂತರ ಬಣ್ಣ ಒಂದಿಷ್ಟು ಬೇರೆ. ನಾನು ಅದನ್ನು ಕೆನ್ನೆಗೆ ತಾಗಿಸಿದೆ. ಬೆಚ್ಚಗಿತ್ತು. ಅಂಗಡಿಯ ಬಿಸಿಲಿಗೆ ಇರಬಹುದು ಅಂದುಕೊಂಡೆ. ಕೊಂಡು ಮನೆಗೆ ತಂದ ಮೇಲೆ ನೆನಪಾಯಿತು, ಆ ಮೂಲೆಗೆ ಬಿಸಿಲು ಬೀಳುತ್ತಿರಲಿಲ್ಲ.

ಬಿಚ್ಚಿದ ಉಣ್ಣೆಗೆ ಒಂದು ಗುಣವಿದೆ. ಹೆಣೆದಾಗ ಬಿದ್ದ ಗುಂಗುರು ಅದರಲ್ಲಿ ಉಳಿದುಬಿಡುತ್ತದೆ, ಜಡೆ ಬಿಚ್ಚಿದ ಕೂದಲಿನ ಹಾಗೆ. ಅದನ್ನು ತೊಳೆದು, ಲಡಿ ಮಾಡಿ, ಕೆಳಗೊಂದು ಭಾರ ಕಟ್ಟಿ ನೇತುಹಾಕಿದರೆ ಒಣಗುವಷ್ಟರಲ್ಲಿ ನೆಟ್ಟಗಾಗುತ್ತದೆ. ನಾನು ಹಾಗೇ ಮಾಡಿದೆ. ಭಾರಕ್ಕೆ ಇವರ ವರ್ಕ್‌ಶಾಪಿನ ಬೋಲ್ಟುಗಳನ್ನು ಕಟ್ಟಿದೆ. ಒಣಗಿತು, ಗುಂಗುರು ಹೋಗಲಿಲ್ಲ. ಮತ್ತೆ ತೊಳೆದೆ, ಇನ್ನಷ್ಟು ಬೋಲ್ಟು ಕಟ್ಟಿದೆ. ಬಿಚ್ಚಿದ ಕೂಡಲೇ ಎಳೆ ಸುರುಳಿ ಸುತ್ತಿಕೊಂಡು ಮೊದಲಿನ ಹಾಗೇ ಕೂತಿತು. ಇರಲಿ, ಹೆಣೆದ ಮೇಲೆ ಸರಿಹೋಗುತ್ತದೆ ಅಂತ ಇವರಿಗೊಂದು ಸ್ವೆಟರ್ ಶುರು ಮಾಡಿದೆ. ಬೆಳಗಿನ ವಾಕಿಂಗಿನಲ್ಲಿ ಬೆಟ್ಟದ ಗಾಳಿ ಹೊಡೆದು ಇವರಿಗೆ ಸದಾ ಶೀತ.

ಬೆನ್ನು, ಎದೆ ಮುಗಿದವು. ಬಲತೋಳು ಮುಗಿಯಿತು. ಎಡತೋಳನ್ನು ಅದರ ಮೇಲಿಟ್ಟು ನೋಡಿದರೆ ಅಂಗೈಯಷ್ಟು ಗಿಡ್ಡ.

"ಕಣಕ್ಕು ತಪ್ಪಿದೀಯ ನೀ" ಅಂದರು ಇವರು, ಪೇಪರಿನಿಂದ ತಲೆ ಎತ್ತದೆ. ತಪ್ಪಿರಬಹುದು. ಟೀವಿ ನೋಡುತ್ತಾ ಹೆಣೆಯುವವಳ ಲೆಕ್ಕವನ್ನು ನಾನೇ ನಂಬುವುದಿಲ್ಲ. ಬಿಚ್ಚಿ, ಟೀವಿ ಆರಿಸಿ, ಎಣಿಸಿ ಎಣಿಸಿ ಹೆಣೆದೆ. ಮತ್ತೆ ಗಿಡ್ಡ, ಅಷ್ಟೇ ಗಿಡ್ಡ. ಇವರಿಗೆ ಈಗ ಕುತೂಹಲ ಬಂತು. ಸ್ಟೀಲ್ ಸ್ಕೇಲ್ ತಂದು ಎರಡೂ ತೋಳಿನ ಸಾಲುಗಳನ್ನು ಎಣಿಸಿದರು. ಸಾಲುಗಳ ಸಂಖ್ಯೆ ಎರಡರಲ್ಲೂ ಒಂದೇ. "ಎಡಗೈಗೆ ಬಿಗಿಯಾಗಿ ಎಳೀತಿದೀಯಾ?" ಎಂದು ಕೇಳಿದರು. ಮೆಷಿನ್ ಆಗಿದ್ದರೆ ನನ್ನನ್ನು ಬಿಚ್ಚಿ ಎಣ್ಣೆ ಹಾಕುತ್ತಿದ್ದರೇನೋ.

ಹೆಣೆಯುವವರಿಗೆ ಒಂದು ಉಪಾಯ ಗೊತ್ತು. ಎರಡು ಉಂಡೆ ಇಟ್ಟುಕೊಂಡು, ಎರಡೂ ತೋಳನ್ನು ಒಂದೇ ಕಡ್ಡಿಯ ಮೇಲೆ ಅಕ್ಕಪಕ್ಕ ಏರಿಸಿ, ಇದರದೊಂದು ಸಾಲು ಅದರದೊಂದು ಸಾಲು ಹೆಣೆದುಕೊಂಡು ಹೋಗುವುದು. ಆಗ ಹೆಚ್ಚುಕಮ್ಮಿಯಾಗಲು ಸಾಧ್ಯವೇ ಇಲ್ಲ. ಹಾಗೇ ಹೆಣೆದೆ. ಕಡ್ಡಿಯ ಮೇಲಿರುವ ತನಕ ಎರಡೂ ಅವಳಿಜವಳಿಯಂತೆ ಸಮ ಇದ್ದವು. ಕೊನೆಯ ಕುಣಿಕೆ ಕಟ್ಟಿ ಕಡ್ಡಿ ಎಳೆದೆ. ನನ್ನ ಕಣ್ಣೆದುರಿಗೇ ಎಡತೋಳು ನಿಧಾನವಾಗಿ ಮೇಲಕ್ಕೆ ಸರಿಯಿತು. ಯಾರೋ ತೋಳನ್ನು ಒಳಗೆಳೆದುಕೊಂಡ ಹಾಗೆ. ನಾನು ತುದಿ ಹಿಡಿದು ಜಗ್ಗಿದೆ. ಬಂತು. ಬಿಟ್ಟೆ. ಮತ್ತೆ ಮೇಲೆ ಹೋಯಿತು.

ಹಟದಿಂದ ತೋಳುಗಳನ್ನು ಮೈಗೆ ಸೇರಿಸಿ ಹೊಲಿದು ಇವರಿಗೆ ತೊಡಿಸಿದೆ. ಇವರ ಅಳತೆ ತೆಗೆದೇ ಹೆಣೆದಿದ್ದು, ಆದರೆ ಭುಜ ಇವರಿಗಿಂತ ಅಗಲವಾಗಿತ್ತು. ಇವರು ಕನ್ನಡಿಯ ಮುಂದೆ ನಿಂತಿದ್ದವರು ಕೂಡಲೇ ತಲೆಯ ಮೇಲಿಂದ ಎಳೆದು ತೆಗೆದು ಮಂಚದ ಮೇಲೆ ಹಾಕಿದರು.

"ಯಾಕ್ರೀ?"

"ಬಿಸಿ ಇದೆ."

"ಉಣ್ಣೆ ಅಲ್ವಾ."

"ಅದಲ್ಲ. ಬಸ್ಸಲ್ಲಿ ಒಬ್ರು ಎದ್ದ ಕೂಡ್ಲೇ ಆ ಸೀಟಲ್ಲಿ ಕೂತ್ರೆ ಇರ್ತದಲ್ಲ, ಆ ಬಿಸಿ."

ಅಂದಮೇಲೆ ಇಬ್ಬರೂ ಆ ಸ್ವೆಟರನ್ನು ನೋಡುತ್ತಾ ನಿಂತೆವು. ಮಂಚದ ಮೇಲೆ ಅದು ಕವುಚಿ ಮಲಗಿದವರ ಹಾಗೆ ಬಿದ್ದಿತ್ತು, ಬಲತೋಳು ಚಾಚಿ, ಎಡತೋಳು ಮಡಚಿ. ಬಿಸಾಡೋಣ ಅಂದೆ. ಇವರು ಒಪ್ಪಲಿಲ್ಲ. "ಯಾರ್ದೋ ಅದು. ಕೊಟ್ಟುಬಿಡಾಣ" ಅಂದರು. ಲೇತ್ ಮನುಷ್ಯ ಹೀಗಂದಿದ್ದು ಕೇಳಿ ನನಗೆ ಸ್ವೆಟರಿಗಿಂತ ಹೆಚ್ಚು ಭಯವಾಯಿತು.

ಭಾನುವಾರ ಬೆಳಿಗ್ಗೆ ಮೆಟ್ಟುಪಾಳ್ಯಕ್ಕೆ ಹೋದೆವು. ಅಂಗಡಿಯವನಿಗೆ ಗಂಟಿನ ನೆನಪಿತ್ತು. ತರಕಾರಿ ಮಂಡಿಯ ಹಿಂದಿನ ಬೀದಿಯ ರುಕ್ಮಣಿ ತಂದು ಹಾಕಿದ್ದು, ಅವರೂ ನಿಮ್ಮ ಹಾಗೆ ಕನ್ನಡದವರೇ ಎಂದು ತಮಿಳಿನಲ್ಲಿ ಹೇಳಿ ಮನೆಯ ಗುರುತು ಕೊಟ್ಟ. ಆಲೂಗಡ್ಡೆ ಮೂಟೆಗಳ ಮಣ್ಣುವಾಸನೆ ತುಂಬಿದ ಬೀದಿ. ಹಸಿರು ಬಾಗಿಲಿನ ಮನೆ. ಬಾಗಿಲು ತೆರೆದವಳು ಹೆಚ್ಚುಕಮ್ಮಿ ನನ್ನ ವಯಸ್ಸಿನ ಹೆಂಗಸು, ಕೈಯಲ್ಲಿ ಅಕ್ಕಿ ಆರಿಸುತ್ತಿದ್ದ ಮೊರ. ನನ್ನ ಚೀಲದಿಂದ ಇಣುಕುತ್ತಿದ್ದ ಕಲ್ಲುಬಣ್ಣದ ತೋಳನ್ನು ನೋಡಿದಳು. ಮೊರ ಓರೆಯಾಗಿ ಅಕ್ಕಿ ಚೆಲ್ಲಿತು.

"ಅಯ್ಯೋ ಸಾಮಿ," ಅಂದಳು ಮೆಲ್ಲಗೆ. "ನೀವೂ ಹೆಣೆದ್ಬುಟ್ರಾ?"

ನಮ್ಮನ್ನು ಒಳಗೆ ಕರೆಯದೆ, ಬಾಗಿಲು ಎಳೆದುಕೊಂಡು ಜಗಲಿಯ ಮೇಲೆ ಕೂರಿಸಿದಳು. ದನಿ ತಗ್ಗಿಸಿ ಹೇಳಿದಳು.

"ಅದು ನಮ್ಮಣ್ಣಂದು ಅಕ್ಕಾ. ವೆಳ್ಳಿ ಅಂತ, ವೆಳ್ಳಿಂಗಿರಿ. ಹುಟ್ಟುವಾಗ್ಲೇ ಎಡಗೈ ಇಷ್ಟೇ." ತನ್ನ ಮುಂಗೈಯ ನಡುವಿಗೆ ಬೆರಳಿಟ್ಟು ತೋರಿಸಿದಳು. "ಅಪ್ಪ ಊಟಿಗೆ ತರಕಾರಿ ಲಾರೀಲಿ ಹೋಗೋರು. ಇವ್ನೂ ಹತ್ಕೊಂಡು ಹೋಗಾನು. ಅಲ್ಲಿ ಚಳಿ ಅಲ್ವಾ? ಅವ್ವ ಸ್ವೆಟರ್ ಹೆಣೆದ್ಲು. ಅವ್ನು ಬೆಳ್ಯಾನು, ಅವ್ವ ಅದ್ನೇ ಬಿಚ್ಚಿ, ಕೊಂಚ ಹೊಸ ಉಲ್ಲನ್ ಗಂಟ್ ಹಾಕಿ, ದೊಡ್ಡದು ಮಾಡಾಳು. ವರ್ಷ ವರ್ಷ ಹಂಗೇ."

"ಈಗ ಅವನೆಲ್ಲಿ?"

"ಎಂಟು ವರ್ಷಕ್ಕೇ ಹೋದ. ಭವಾನಿ ಹೊಳೇಲಿ ಸ್ನಾನಕ್ಕೆ ಇಳಿದಿದ್ದ. ಮೇಲೆ ಮಳೆ, ಕೆಳಗೆ ಒಂದೇ ಸಲ ನೀರು ಬಂದ್ಬುಡ್ತು. ಅವ್ನು ಸಿಕ್ಕೇ ಇಲ್ಲ. ಅವತ್ತು ಅವ್ವ ಸ್ವೆಟರ್ ಬಿಚ್ಚಿ ಮಡಿಲಲ್ಲಿ ಇಟ್ಕೊಂಡು ಕೂತಿದ್ಲು, ದೊಡ್ಡದು ಮಾಡೋಕೆ. ಮಾಡ್ಬುಟ್ಲು. ಮುಂದಿನ ವರ್ಷಾನೂ ಮಾಡಿದ್ಲು."

ನಾನು ತಕ್ಷಣಕ್ಕೆ ಅರ್ಥಮಾಡಿಕೊಳ್ಳಲಿಲ್ಲ. ಮುಂದಿನ ವರ್ಷ ಯಾರಿಗೆ?

"ಅವ್ನಿಗೇ. ಬೆಳೀತಾನೆ ಅಲ್ವಾ, ಅಂತಾಳೆ. ಅವ್ನ ವಯಸ್ಸಿನ ಹುಡುಗ್ರು ಯಾರಾದ್ರೂ ಮಂಡಿಗೆ ಬಂದ್ರೆ ನಿಲ್ಸಿ ಭುಜದ ಅಳತೆ ತಕ್ಕೊಳ್ಳಾಳು. ಹುಡುಗ್ರು ಗಂಡಸ್ರಾದ್ರು, ಸ್ವೆಟರೂ ಗಂಡಸ್ರ ಅಳತೆ ಆಯ್ತು. ಎಡತೋಳು ಮಾತ್ರ ಲೆಕ್ಕ ತಪ್ಪದಂಗೆ ಗಿಡ್ಡ. ಈಗ ಅವ್ವಂಗೆ ಕಣ್ಣು ಪೂರಾ ಕಾಣ್ಸಲ್ಲ. ಸಾಕು ಅಂತ ನಾನೇ ಬಿಚ್ಚಿದ್ದನ್ನ ತಕ್ಕೊಂಡು ಹೋಗಿ ಅಂಗಡೀಲಿ ಹಾಕಿದೆ. ಆವತ್ತಿಂದ ಅವ್ವ, ಅವ್ನಿಗೆ ಚಳಿ ಆಗ್ತಾದೆ, ಚಳಿ ಆಗ್ತಾದೆ ಅಂತ ಒಂದೇ ಮಾತು."

ಆಮೇಲೆ ಸ್ವಲ್ಪ ಹೊತ್ತು ಚೆಲ್ಲಿದ ಅಕ್ಕಿಯನ್ನು ಬೆರಳಲ್ಲಿ ಗುಡ್ಡೆ ಮಾಡುತ್ತಿದ್ದವಳು ಇದ್ದಕ್ಕಿದ್ದಂತೆ ಅಂದಳು: "ನಂಗೆ ಒಂದ್ಸಲಾನೂ ಹೆಣೀಲಿಲ್ಲ ಅಕ್ಕಾ. ನಾನೂ ಅಪ್ಪನ ಲಾರೀಲಿ ಹೋಗಿದೀನಿ. ನಂಗೂ ಚಳಿ ಆಗ್ತಿತ್ತು."

ಒಳಗಿನಿಂದ ಒಂದು ದನಿ ಬಂತು, ಒಣಗಿದ, ಆದರೆ ಗಟ್ಟಿಯಾದ ದನಿ. "ರುಕ್ಮಣೀ, ವೆಳ್ಳಿ ಬಂದವ್ನಾ? ಹೊರಗೇ ಯಾಕೆ ಕೂರ್ಸಿದೀಯ?"

ನಮ್ಮಲ್ಲಿ ಯಾರೂ ಜೋರಾಗಿ ಮಾತಾಡಿರಲಿಲ್ಲ. ಇವರಂತೂ ಬಾಯೇ ತೆರೆದಿರಲಿಲ್ಲ. ರುಕ್ಮಣಿ ನನ್ನ ಮುಖ ನೋಡಿದಳು. ನಾನು ಎದ್ದೆ. ಓಡಿಹೋಗುವ ಮನಸ್ಸಾಗಿತ್ತು ಅಂದರೆ ಸುಳ್ಳಲ್ಲ. ಆದರೆ ಇವರು ಆಗಲೇ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಿದ್ದರು.

ರುಕ್ಮಣಿಯ ತಾಯಿ ಮಾದಮ್ಮ ಹಗ್ಗದ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಸಣ್ಣ ಜೀವ, ದೊಡ್ಡ ಕೈಗಳು. ಕಣ್ಣ ಗುಡ್ಡೆಗಳ ಮೇಲೆ ಹಾಲಿನ ಕೆನೆಯಂಥ ಪೊರೆ. ಸ್ವೆಟರನ್ನು ಅವರ ಮಡಿಲಲ್ಲಿಟ್ಟೆ. ಏನೂ ಕೇಳದೆ, ಬೆರಳುಗಳನ್ನು ಅದರ ಅಂಚಿನಿಂದ ಮೇಲಕ್ಕೆ ಹರಿಸುತ್ತಾ ಹೋದರು. ಒಂದು ಗಂಟು ಸಿಕ್ಕಿತು. "ಇದು ಅವ್ನು ಸ್ಕೂಲಿಗೆ ಸೇರಿದ್ದು" ಅಂದರು. ಇನ್ನೊಂದು. "ಇದು ಸಿಡುಬು ಬಂದು ಬದುಕಿದ್ದು." ನಂತರದ ಗಂಟುಗಳಲ್ಲಿ ಅವರ ಬೆರಳು ನಿಧಾನವಾಯಿತು. "ಇದು ಮೀಸೆ ಬಂದಿದ್ದು. ಇದು ಲಾರಿ ಓಡ್ಸೋಕೆ ಕಲ್ತಿದ್ದು." ಆ ಗಂಟುಗಳನ್ನು ನಾನೇ ಎಲ್ಲೆಲ್ಲಿ ಬಂದವೋ ಅಲ್ಲಲ್ಲೇ ಒಳಮಗ್ಗುಲಿಗೆ ಸೇರಿಸಿ ಹೆಣೆದಿದ್ದೆ. ಅವರ ಬೆರಳು ಯಾವುದನ್ನೂ ಹುಡುಕಲಿಲ್ಲ, ನೇರ ಅದರ ಮೇಲೇ ಹೋಗಿ ನಿಲ್ಲುತ್ತಿತ್ತು.

"ಹಾಕ್ಕೊ ಕಣ್ಣು," ಅಂದರು, ಈ ಕಡೆಯ ತಾಯಂದಿರು ಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ, ಇವರು ನಿಂತ ಕಡೆ ಮುಖ ತಿರುಗಿಸಿ. "ಸರಿ ಇದೆಯಾ ನೋಡಾಣ."

ನಾನು ಬೇಡ ಅಂತ ಕಣ್ಣಲ್ಲೇ ಹೇಳಿದೆ. ಇವರು ನನ್ನ ಕಡೆ ನೋಡಲಿಲ್ಲ. ಸ್ವೆಟರ್ ತೊಟ್ಟು ಮಂಚದ ಮುಂದೆ ಮಂಡಿಯೂರಿ ಕೂತರು. ಮಾದಮ್ಮ ಎರಡೂ ಅಂಗೈಯಿಂದ ಭುಜ ಹಿಡಿದು ನೋಡಿದರು. ಕುತ್ತಿಗೆಯ ಪಟ್ಟಿಯೊಳಗೆ ಬೆರಳು ಹಾಕಿದರು, ಬೆನ್ನು ತಟ್ಟಿದರು. ಬಲತೋಳನ್ನು ಗೇಣಿನಿಂದ ಅಳೆದು ಮಣಿಕಟ್ಟಿನ ಹತ್ತಿರ ನಿಂತರು. ಎಡತೋಳಿಗೆ ಬಂದರು. ಮುಂಗೈ ನಡುವೆ ತೋಳು ಮುಗಿದಲ್ಲಿ ಅವರ ಕೈ ನಿಂತಿತು. ಅಂಚಿನಿಂದ ಆಚೆ ಚಾಚಿಕೊಂಡಿದ್ದ ಇವರ ಕೈಯ ಮೇಲಿನ ಗಾಳಿಯನ್ನು ಎರಡು ಸಲ ಸವರಿ ತಲೆಯಾಡಿಸಿದರು.

"ಸರಿಯಾಗಿದೆ. ಪೂರಾ ಬೆಳೆದ್ಬುಟ್ಟಿದೀಯ. ಇನ್ನು ಬಿಚ್ಚೋದು ಬೇಡ ಕಣ್ಣು. ಸಾಕು."

ಅಷ್ಟೇ ಅವರು ಹೇಳಿದ್ದು. ಇವರು ಸ್ವೆಟರ್ ತೆಗೆದು ಮಡಚಿ ಅವರ ಪಕ್ಕದಲ್ಲಿಟ್ಟರು. ರುಕ್ಮಣಿ ಒಳಗೆ ಹೋಗಿ ಕಾಫಿ ತಂದಳು. ಯಾರಿಗೂ ಕುಡಿಯಲಾಗಲಿಲ್ಲ, ಕುಡಿಯದೆ ಏಳಲೂ ಆಗಲಿಲ್ಲ.

ವಾಪಸು ಬರುವಾಗ ಕಾರಮಡೈ ದಾಟಿದ ಮೇಲೆ ಇವರು ಕಾರನ್ನು ಬದಿಗೆ ನಿಲ್ಲಿಸಿ ಎಡಗೈಯನ್ನು ಬಲಗೈಯಿಂದ ಉಜ್ಜತೊಡಗಿದರು.

"ಅವರು ಗಾಳಿ ಸವರಿದ್ರಲ್ಲ, ನೋಡಿದೆಯಾ?"

"ನೋಡಿದೆ. ಕೈಗೆ ತಾಗಿಸದೆ ಮೇಲಿಂದ ಸವರಿದ್ರು."

"ಮೇಲಿಂದ ಅಲ್ಲ. ನನ್ ಕೈ ಅಲ್ಲೇ ಇತ್ತು. ಅವರ ಬೆರಳು ಅದರೊಳಗಿಂದ್ಲೇ ಹೋಯ್ತು. ನಂಗೆ ಏನೂ ತಾಗಲಿಲ್ಲ ಗಿರಿಜಾ. ಸ್ವೆಟರ್ ತೆಗೆಯೋ ತನಕ ನನ್ ಕೈ ಇದೆ ಅಂತ್ಲೇ ಅನ್ನಿಸಲಿಲ್ಲ."

ನಾನು ಅವರ ಕೈ ತೆಗೆದುಕೊಂಡು ನನ್ನ ಮಡಿಲಲ್ಲಿಟ್ಟುಕೊಂಡೆ. ಬಹಳ ತಣ್ಣಗಿತ್ತು. ಬೆಚ್ಚಗಾಗುವ ತನಕ ಹೊರಡಲಿಲ್ಲ.

ಇದು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ರುಕ್ಮಣಿಯ ಆ ಮಾತು, ನಂಗೂ ಚಳಿ ಆಗ್ತಿತ್ತು ಅಂದಿದ್ದು, ನನ್ನನ್ನು ಬಿಡಲಿಲ್ಲ. ಹೊಸ ಉಣ್ಣೆ ಕೊಂಡೆ, ಒಂದೇ ಒಂದು ಗಂಟಿಲ್ಲದ್ದು, ಅರಿಶಿನದ ಬಣ್ಣ. ಅವಳನ್ನು ಫೋನಿನಲ್ಲಿ ಅಳತೆ ಕೇಳಿದೆ. "ಸುಮ್ಮಾ ಇರಿ ಅಕ್ಕಾ, ಈ ವಯಸ್ಸಲ್ಲಿ ನಂಗ್ಯಾಕೆ" ಅಂದಳು. ಸ್ವಲ್ಪ ಹೊತ್ತಿಗೆ ತಾನೇ ಫೋನ್ ಮಾಡಿ ಅಳತೆ ಹೇಳಿದಳು. ಬೇಸಿಗೆಯಿಡೀ ಫ್ಯಾನಿನ ಕೆಳಗೆ ಬೆವರುತ್ತಾ ಹೆಣೆದೆ. ಮಾದಮ್ಮ ಈಗ ಚಳಿಯ ಮಾತೆತ್ತುವುದಿಲ್ಲ, ಚೆನ್ನಾಗಿ ನಿದ್ದೆ ಮಾಡುತ್ತಾರೆ ಎಂದು ಅವಳು ಆಗಾಗ ಹೇಳುತ್ತಿದ್ದಳು. ಅಣ್ಣನ ಸ್ವೆಟರ್ ಬೀರುವಿನಲ್ಲಿದೆ, ಕೀಲಿ ತನ್ನ ಸೊಂಟದಲ್ಲಿದೆ ಎಂದೂ ಹೇಳಿದ್ದಳು.

ಮಾರ್ಗಳಿಯ, ಅಂದರೆ ನಮ್ಮ ಧನುರ್ಮಾಸದ, ಚಳಿ ಶುರುವಾದಾಗ ಅವಳ ಫೋನ್ ಬಂತು. "ಅಕ್ಕಾ, ಒಂದ್ಸಲ ಬಂದು ನೋಡಿ. ಫೋನಲ್ಲಿ ಹೇಳೋದಲ್ಲ."

ಹಳದಿ ಸ್ವೆಟರನ್ನೂ ಹಿಡಿದುಕೊಂಡು ಹೋದೆ. ಈ ಸಲ ಇವರು ಬರಲಿಲ್ಲ. ರುಕ್ಮಣಿ ಬೀರುವಿನ ಕೀಲಿ ತೆಗೆದು ಕಲ್ಲುಬಣ್ಣದ ಸ್ವೆಟರನ್ನು ನನ್ನ ಕೈಗಿಟ್ಟಳು. ಬಲತೋಳಿನ ಮೊಣಕೈಯಲ್ಲಿ ತೂತು ಬಿದ್ದಿತ್ತು.

ನುಸಿ ತಿಂದ ತೂತಾದರೆ ಅಂಚು ಕತ್ತರಿಸಿದ ಹಾಗಿರುತ್ತದೆ. ಇದು ಹಾಗಿರಲಿಲ್ಲ. ಸುತ್ತ ಎಳೆಗಳು ತೆಳ್ಳಗಾಗಿ, ನಯವಾಗಿ, ಹೊಳಪು ಬಂದು, ನಡುವೆ ಬಿಟ್ಟುಕೊಂಡಿದ್ದವು. ಹಾಕಿಕೊಂಡು ಕೆಲಸ ಮಾಡುವವರ ಮೊಣಕೈ ಹೀಗೆ ಸವೆಯುತ್ತದೆ. ಎಡತೋಳು ಹೊಸದಾಗೇ ಇತ್ತು. ಕುತ್ತಿಗೆಯ ಪಟ್ಟಿಯನ್ನು ಮೂಸಿ ನೋಡಿದೆ. ಡೀಸೆಲ್ಲಿನ ವಾಸನೆ.

"ಅವ್ವ ಮುಟ್ಟಿದ್ರಾ?" ಕೇಳಿದೆ.

"ಇಲ್ಲ. ಕೇಳೇ ಇಲ್ಲ ಅವ್ವ." ರುಕ್ಮಣಿ ನನ್ನ ಮುಖ ನೋಡದೆ ಅಂದಳು. "ಸರಿ ಮಾಡ್ಕೊಡ್ತೀರಾ ಅಕ್ಕಾ? ಕೊಂಚ ಗಟ್ಟಿಯಾಗೇ ಹಾಕಿ. ಊಟಿ ರೋಡಲ್ಲಿ ತಿರುವು ಜಾಸ್ತಿ, ಸ್ಟೇರಿಂಗ್ ತಿರುಗ್ಸಿ ತಿರುಗ್ಸಿ ಸವೆದಿರ್ತದೆ."

ನಾನು ಸೂಜಿಗೆ ಎಳೆ ಪೋಣಿಸಿದೆ. ತೂತಿನ ಅಡ್ಡಕ್ಕೂ ಉದ್ದಕ್ಕೂ ಬಲೆ ಹಾಕಿ ಮುಚ್ಚಿದೆ. ಅವಳು ಅದನ್ನು ಮಡಚಿ ಬೀರುವಿಗಿಟ್ಟು ಕೀಲಿ ಹಾಕಿದಳು.

ಆಮೇಲೆ ಹಳದಿ ಸ್ವೆಟರ್ ತೊಟ್ಟುಕೊಂಡಳು. ಕನ್ನಡಿ ನೋಡಲಿಲ್ಲ. ನೆಟ್ಟಗೆ ಹೋಗಿ ತಾಯಿಯ ಮಂಚದ ಮೇಲೆ, ಒತ್ತಿಕೊಂಡು ಕೂತಳು. ಉಣ್ಣೆ ತಾಗಿದ ಕೂಡಲೇ ಮಾದಮ್ಮನ ಕೈ ಎಚ್ಚರವಾಯಿತು. ಭುಜ ಹಿಡಿದರು. ಬಲತೋಳು ಅಳೆದರು. ಎಡತೋಳಿನ ಮೇಲೆ ಗೇಣು ಇಡುತ್ತಾ ಇಳಿದರು, ಮುಂಗೈ ನಡುವೆ ಒಂದು ಕ್ಷಣ ನಿಂತರು. ಉಣ್ಣೆ ಇನ್ನೂ ಇತ್ತು. ಮುಂದೆ ಹೋದರು. ತುದಿಯಲ್ಲಿ ಒಂದು ಕೈ ಸಿಕ್ಕಿತು. ಅದರ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು. ಮತ್ತೆ ಮೇಲಕ್ಕೆ, ಕೆನ್ನೆಗೆ, ಕಿವಿಗೆ, ನರೆತ ಕೂದಲಿಗೆ ಕೈ ಹೋಯಿತು.

"ಯಾರು?"

"ನಾನು ಅವ್ವಾ. ರುಕ್ಮಣಿ."

ಮುದುಕಿಯ ಕೈ ಕೂದಲಿನಿಂದ ಕೆಳಗಿಳಿಯಿತು. ಭುಜದ ಮೇಲೆ ಮತ್ತೊಮ್ಮೆ ಗೇಣು ಹಾಕಿ ನೋಡಿದರು, ಅಳತೆ ತಪ್ಪಿತೇನೋ ಅನ್ನುವ ಹಾಗೆ.

"ನೀ ಯಾವಾಗ ಕಣ್ಣು ಇಷ್ಟು ಬೆಳೆದೆ?" ಅಂದರು.